ಯಾವ ವ್ಯಾಂಪೈರ್ ಕಾಮಿಡಿ ಯಾವ ಮಗುವಿಗೆ?

ಪೋಸ್ಟರ್‌ನಲ್ಲಿ ಡ್ರಾಕುಲಾ ಹಲ್ಲು ಕಿರಿಯುತ್ತಿದ್ದಾನೆ, ಕೆಳಗೆ 'ಹಾರರ್ ಕಾಮಿಡಿ' ಎಂದಿದೆ, ಮಗು ರಿಮೋಟ್ ಹಿಡಿದು ಕೂತಿದೆ. 'ಕಾಮಿಡಿ ತಾನೆ, ಹಾಕು' ಎಂದುಬಿಡುವುದು ಸುಲಭ. ನಾನೂ ಹಾಗಂದು ಒಮ್ಮೆ ಬೆಪ್ಪಾಗಿದ್ದೇನೆ. ಅವತ್ತು ಹಾಕಿದ್ದು ಡ್ರಾಕುಲಾನನ್ನು ಗೇಲಿ ಮಾಡುವ ತೊಂಬತ್ತರ ದಶಕದ ಒಂದು ಸಿನಿಮಾ. ಸೋಫಾದ ಮೇಲೆ ಹನ್ನೊಂದರ ಹುಡುಗ, ಏಳರ ಹುಡುಗಿ. ಶವಪೆಟ್ಟಿಗೆಯಲ್ಲಿ ಮಲಗಿದ್ದ ಹೆಣ್ಣು ವ್ಯಾಂಪೈರ್ ಎದೆಗೆ ಗೂಟ ಬಡಿಯುವ ದೃಶ್ಯ ಬಂತು. ಬಡಿದದ್ದೇ ತಡ, ರಕ್ತ ಕಾರಂಜಿಯ ಹಾಗೆ ಚಿಮ್ಮಿ ಬಡಿದವನನ್ನೇ ತೋಯಿಸಿಬಿಟ್ಟಿತು. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗಿ ಪರದೆ ನೋಡುವುದು ಬಿಟ್ಟು ಅಣ್ಣನ ಮುಖ ನೋಡುತ್ತಿದ್ದಳು. ರಾತ್ರಿ ಮಲಗುವಾಗ ಅವಳು ಕೇಳಿದ್ದು ವ್ಯಾಂಪೈರ್ ಬಗ್ಗೆ ಅಲ್ಲ. 'ಅಣ್ಣ ಯಾಕೆ ನಕ್ಕ?'

ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಆಯ್ಕೆಯ ಅರ್ಧ ಕೆಲಸ ಮುಗಿದ ಹಾಗೆ. ಅಣಕ ಎನ್ನುವುದು ಮೂಲ ಗೊತ್ತಿದ್ದವರಿಗೆ ಮಾತ್ರ ಅಣಕ. ಗಂಭೀರ ಡ್ರಾಕುಲಾ ಸಿನಿಮಾಗಳಲ್ಲಿ ಗೂಟ ಬಡಿಯುವ ಗಳಿಗೆ ಎಷ್ಟು ಬಿಗಿಯಾಗಿ, ಉಸಿರು ಕಟ್ಟಿಸಿಕೊಂಡು ಬರುತ್ತದೆ ಎಂದು ಹುಡುಗನಿಗೆ ಅಷ್ಟಿಷ್ಟು ಗೊತ್ತಿತ್ತು. ಹಾಗಾಗಿ ಅತಿಯಾದ ರಕ್ತ ಅವನಿಗೆ ಜೋಕು. ಹುಡುಗಿಗೆ ಮೂಲವೇ ಗೊತ್ತಿಲ್ಲ. ಅವಳು ಕಂಡದ್ದು ಇಷ್ಟು: ಮಲಗಿದ್ದ ಹೆಂಗಸಿನ ಎದೆಗೆ ಒಬ್ಬ ಗೂಟ ಹೊಡೆದ, ರಕ್ತ ಬಂತು, ಅಣ್ಣ ನಕ್ಕ. ಜೋಕು ಸೋರಿಹೋಗಿ ಹಾರರ್ ಮಾತ್ರ ಅವಳ ಪಾಲಿಗೆ ಉಳಿಯಿತು. ಕಾಮಿಡಿ ಬೆರೆತಿರುವುದರಿಂದ ಭಯ ಕಡಿಮೆ ಎಂಬುದು ದೊಡ್ಡವರ ಲೆಕ್ಕ. ಸುತ್ತ ಎಲ್ಲರೂ ನಗುತ್ತಿರುವಾಗ ತಾನೊಬ್ಬಳೇ ಹೆದರಿ ಕೂರುವುದು, ಎಲ್ಲರೂ ಹೆದರಿದಾಗ ಹೆದರುವುದಕ್ಕಿಂತ ಕಷ್ಟ.

ಹೀಗಾಗಿ ರಕ್ತ ಎಷ್ಟು ಲೀಟರ್ ಎಂದು ಅಳೆಯುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ಇದರ ಜೋಕು ಈ ಮಗುವಿಗೆ ತಲುಪುತ್ತದಾ?

ಚಿಕ್ಕವರು ಹೆದರುವುದು ಹಲ್ಲಿಗಲ್ಲ

ಟಿವಿ, ಸಿನಿಮಾ ನೋಡಿ ಮಕ್ಕಳು ಹೇಗೆ ಹೆದರುತ್ತಾರೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಅಮೆರಿಕದ ಜೋಆನ್ ಕ್ಯಾಂಟರ್. 1985ರಲ್ಲಿ ಸಿಂಥಿಯಾ ಹಾಫ್ನರ್ ಜೊತೆ ಪ್ರಕಟಿಸಿದ ಅವರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಒಂದೇ ಕಥೆ, ಅದರಲ್ಲಿ ಒಬ್ಬಳು ಮುದುಕಿ. ಕೆಲವು ಮಕ್ಕಳಿಗೆ ಅವಳನ್ನು ಕುರೂಪಿಯಾಗಿ ತೋರಿಸಿದರು, ಕೆಲವರಿಗೆ ಲಕ್ಷಣವಾದ ಅಜ್ಜಿಯಾಗಿ. ಹಾಗೆಯೇ ಕೆಲವರಿಗೆ ಅವಳು ದಯಾಳು, ಕೆಲವರಿಗೆ ಕ್ರೂರಿ. ತೀರಾ ಚಿಕ್ಕವರು ಅವಳ ರೂಪ ನೋಡಿ ತೀರ್ಪು ಕೊಟ್ಟರು. ದೊಡ್ಡವರಾದಂತೆ ಮಕ್ಕಳು ಅವಳ ನಡತೆಯ ಕಡೆ ವಾಲಿದರು. 'ನೋಡಲು ಹಾಗಿದ್ದಾನೆ ಅಷ್ಟೆ, ಒಳಗೆ ಒಳ್ಳೆಯವನು' ಎಂಬ ಸಮಾಧಾನ ನಾಲ್ಕು ವರ್ಷದ ಮಗುವಿನ ಕಿವಿಗೆ ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ಅಧ್ಯಯನ ಹಲ್ಕ್ ಬಗ್ಗೆ. ಹಸಿರು ದೈತ್ಯನಾಗಿ ಬದಲಾಗುವ ನಾಯಕನ ಹಳೆಯ ಟಿವಿ ಸರಣಿ ನೋಡಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳು ಬೆಚ್ಚಿದ್ದು ಅವನು ಬದಲಾಗುವ ಗಳಿಗೆಯಲ್ಲಿ. ಅವನು ಒಳ್ಳೆಯವನು, ಯಾರನ್ನೋ ಕಾಪಾಡಲು ಹೋಗುತ್ತಿದ್ದಾನೆ ಎಂಬುದು ದೊಡ್ಡ ಮಕ್ಕಳಿಗಷ್ಟೇ ಹೊಳೆದದ್ದು.

ಈಗ ವ್ಯಾಂಪೈರ್ ಕಡೆ ಬನ್ನಿ. ಬೇರೆ ಬಹುತೇಕ ರಾಕ್ಷಸರು ಮೊದಲಿನಿಂದ ಕೊನೆಯವರೆಗೆ ರಾಕ್ಷಸರ ಹಾಗೇ ಕಾಣುತ್ತಾರೆ. ವ್ಯಾಂಪೈರ್ ಹಾಗಲ್ಲ. ನಯವಾಗಿ ಮಾತಾಡುತ್ತಿದ್ದ ಮುಖ ಕ್ಷಣದಲ್ಲಿ ಬದಲಾಗಿ, ಕಣ್ಣು ಕೆಂಪಾಗಿ, ತುಟಿ ಸರಿದು ಕೋರೆ ಹೊರಬರುತ್ತದೆ. ಚಿಕ್ಕವರ ಎದೆ ನಡುಗಿಸುವ ಸಂಗತಿಯೇ ಈ ಪಾತ್ರದ ಮೂಲ ಬಂಡವಾಳ. ಆದ್ದರಿಂದ ಆರು, ಏಳರ ಒಳಗಿನ ಮಗುವಿಗೆ ಸಿನಿಮಾ ಆರಿಸುವಾಗ ಕೋರೆಹಲ್ಲು ಇದೆಯೇ ಎಂದು ನೋಡಬೇಡಿ, ಮುಖ ಬದಲಾಗುವುದನ್ನು ಹೇಗೆ ತೋರಿಸಿದ್ದಾರೆ ಎಂದು ನೋಡಿ. ಮೊದಲಿನಿಂದಲೂ ಕೋರೆಹಲ್ಲು ಹೊತ್ತ, ಮೂಗು ಉದ್ದದ ಕಾರ್ಟೂನ್ ಮುಖ ನಿರಪಾಯ. ನಿಜ ನಟರ ಚೆಂದದ ಮುಖ ಕ್ಯಾಮೆರಾ ಹತ್ತಿರವೇ ಕೆಡುವುದು ಬೇರೆಯದೇ ವಿಷಯ.

ಎಂಟರ ಆಚೆಗೆ ಭಯದ ಜಾಗ ಬದಲಾಗುತ್ತದೆ. ಆಗ ಕಾಡುವುದು ನೋವು, ಸಾವು, ಮನೆಯವರನ್ನು ಕಳೆದುಕೊಳ್ಳುವುದು. ಕಚ್ಚಿಸಿಕೊಂಡವರೂ ವ್ಯಾಂಪೈರ್ ಆಗುತ್ತಾರೆ ಎಂಬ ನಿಯಮ ಈ ವಯಸ್ಸಿನವರನ್ನು ಹಿಡಿಯುತ್ತದೆ: ಅಮ್ಮನನ್ನು ಕಚ್ಚಿದರೆ ಅವಳು ಅಮ್ಮನಾಗಿಯೇ ಉಳಿಯುತ್ತಾಳಾ?

ಮೊದಲ ವ್ಯಾಂಪೈರ್ ಯಾರಾಗಬೇಕು

ಈ ದಾರಿಗೆ ಹೊಸಬರಾದ ಮಕ್ಕಳಿಗೆ ಸಾಮಾನ್ಯವಾಗಿ ಎರಡು ಹೆಸರು ಕೇಳಿಬರುತ್ತವೆ: 'ಹೋಟೆಲ್ ಟ್ರಾನ್ಸಿಲ್ವೇನಿಯಾ' (2012) ಮತ್ತು 'ದ ಲಿಟಲ್ ವ್ಯಾಂಪೈರ್' (2000). ಎರಡಕ್ಕೂ ಅಮೆರಿಕದಲ್ಲಿ ಪಿಜಿ ಮುದ್ರೆ, ಅಂದರೆ ಮಕ್ಕಳು ನೋಡಬಹುದು, ಹೆತ್ತವರು ಗಮನಿಸಲಿ ಎಂಬ ಗುರುತು. ಆದರೆ ಒಂದೇ ಮುದ್ರೆಯ ಕೆಳಗೆ ಎಷ್ಟು ಬೇರೆ ಎರಡು ಸಿನಿಮಾಗಳು!

ಗೆಂಡಿ ಟಾರ್ಟಕೋವ್ಸ್ಕಿ ನಿರ್ದೇಶಿಸಿದ ಮೊದಲನೆಯದು ಅನಿಮೇಶನ್. ಇಲ್ಲಿ ಡ್ರಾಕುಲಾ ರಾಕ್ಷಸರಿಗಾಗಿ ಹೋಟೆಲ್ ನಡೆಸುವ ಒಬ್ಬ ಪುಕ್ಕಲು ಅಪ್ಪ. 118 ತುಂಬುವ ಮಗಳನ್ನು ಹೊರಗೆ ಬಿಡಲು ಅವನಿಗೆ ಮನಸ್ಸಿಲ್ಲ. ಮನುಷ್ಯರ ರಕ್ತ ಅವನು ಮುಟ್ಟುವುದೂ ಇಲ್ಲ. ಇದರ ಜೋಕಿಗೆ ಯಾವ ಪೂರ್ವಜ್ಞಾನವೂ ಬೇಡ. ಅತಿ ಕಾಳಜಿಯ ಅಪ್ಪ ಹೇಗಿರುತ್ತಾನೆ ಎಂದು ಐದು ವರ್ಷದವರಿಗೂ ಗೊತ್ತು. ಭಯ ಎಂಬುದನ್ನೇ ತಿರುಗಿಸಿ ಹಾಕಿದ್ದಾರೆ: ಹೆದರುವವರು ರಾಕ್ಷಸರು, ಹೆದರಿಸುವವನು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬಂದ ಒಬ್ಬ ಪ್ರವಾಸಿ ಹುಡುಗ. ಬಿಸಿಲು ಬಿದ್ದರೆ ವ್ಯಾಂಪೈರ್ ಸುಡುತ್ತದೆ ಎಂಬ ನಿಯಮವನ್ನೂ ಸಿನಿಮಾ ತಾನೇ ಕಲಿಸಿ, ಕೊನೆಯಲ್ಲಿ ಅದನ್ನೇ ಬಳಸಿ ಕಣ್ಣು ತೇವ ಮಾಡಿಸುತ್ತದೆ. ಮಗಳಿಗಾಗಿ ಅಪ್ಪ ಹಗಲಲ್ಲೇ, ಮೈ ಹೊಗೆಯಾಡುತ್ತ ಹಾರುತ್ತಾನೆ.

ಒಂದು ಮುಳ್ಳು ಮಾತ್ರ ಇದೆ, ಪೋಸ್ಟರ್ ನೋಡಿದರೆ ಅದು ಗೊತ್ತಾಗುವುದಿಲ್ಲ. ಮಗಳು ಕೂಸಾಗಿದ್ದಾಗ ತಾಯಿಯನ್ನು ಮನುಷ್ಯರ ಗುಂಪು ಕೊಂದ ಕಥೆ ನಡುವೆ ಬರುತ್ತದೆ. ದೃಶ್ಯ ಚಿಕ್ಕದು, ರಕ್ತ ಇಲ್ಲ. ಆದರೂ ಈಚೆಗೆ ಮನೆಯಲ್ಲಿ ಸಾವು ಕಂಡ ಮಗುವಿಗೆ ಅದು ಹೋಟೆಲ್‌ನ ಎಲ್ಲ ಅಸ್ಥಿಪಂಜರಗಳಿಗಿಂತ ಭಾರ. ಅಂಥ ಮಗುವಾದರೆ ಪಕ್ಕದಲ್ಲೇ ಇರಿ.

'ದ ಲಿಟಲ್ ವ್ಯಾಂಪೈರ್' ನಿಜ ನಟರ ಸಿನಿಮಾ, ಜರ್ಮನಿಯ ಆಂಗೆಲಾ ಸೊಮ್ಮರ್-ಬೋಡನ್‌ಬುರ್ಗ್ 1979ರಿಂದ ಬರೆದ ಮಕ್ಕಳ ಪುಸ್ತಕಗಳ ಮೇಲೆ ನಿಂತದ್ದು. ಅಮೆರಿಕದಿಂದ ಸ್ಕಾಟ್ಲೆಂಡಿಗೆ ಬಂದ ಒಂಟಿ ಹುಡುಗ ಟೋನಿಗೆ ರುಡಾಲ್ಫ್ ಎಂಬ ವ್ಯಾಂಪೈರ್ ಹುಡುಗ ಗೆಳೆಯನಾಗುತ್ತಾನೆ. ಇದರ ಬಲ ಗೆಳೆತನದಲ್ಲಿದೆ, ಜೋಕಿನಲ್ಲಿ ಅಷ್ಟಿಲ್ಲ. ಹೊಸ ಶಾಲೆಯಲ್ಲಿ ಜೊತೆಗಾರರಿಲ್ಲದ ಮಗುವಿಗೆ ಇದು ಹೋಟೆಲ್‌ಗಿಂತ ಹೆಚ್ಚು ತಟ್ಟುತ್ತದೆ. ಆದರೆ ಇಲ್ಲಿ ಕತ್ತಲೆ ನಿಜವಾದ ಕತ್ತಲೆ, ಸ್ಮಶಾನ ನಿಜವಾದ ಸ್ಮಶಾನ. ಬೆನ್ನಟ್ಟುವ ಬೇಟೆಗಾರನಿದ್ದಾನೆ. ಈ ವ್ಯಾಂಪೈರ್‌ಗಳು ಕುಡಿಯುವುದು ಹಸುವಿನ ರಕ್ತ. ಕಚ್ಚಿಸಿಕೊಂಡ ಹಸುಗಳ ಕಣ್ಣು ಕೆಂಪಾಗುವುದು ಬಹಳ ಮಕ್ಕಳಿಗೆ ತಮಾಷೆ, ಪ್ರಾಣಿಗಳೆಂದರೆ ಜೀವ ಬಿಡುವ ಮಗುವಿಗೆ ಅಳು. ನನ್ನ ಲೆಕ್ಕದಲ್ಲಿ ಹೋಟೆಲ್ ಐದು, ಆರಕ್ಕೆ ಸರಿ. ಇದು ಏಳು, ಎಂಟಕ್ಕೆ. ಅದಕ್ಕೂ ಚಿಕ್ಕವರು ವ್ಯಾಂಪೈರ್ ಬೇಕೇ ಬೇಕು ಎಂದು ಹಟ ಹಿಡಿದರೆ, ರಕ್ತದ ಬದಲು ಟೊಮೇಟೊ ಕೆಚಪ್ ಹೋಗಿ ಸಸ್ಯಾಹಾರಿಯಾದ ಬಾತುಕೋಳಿ 'ಕೌಂಟ್ ಡಕ್ಯುಲಾ' ಇದ್ದಾನೆ (1988ರ ಬ್ರಿಟಿಷ್ ಕಾರ್ಟೂನ್).

ನಡುವಿನ ಕೆಸರು

ಒಂಬತ್ತರಿಂದ ಹದಿಮೂರರವರೆಗಿನ ಮಕ್ಕಳದ್ದೇ ನಿಜವಾದ ತಲೆನೋವು. ಕಾರ್ಟೂನ್ ಅಂದರೆ 'ಅದು ಪಾಪುಗಳದ್ದು' ಎಂದು ಮೂಗು ಮುರಿಯುತ್ತಾರೆ. ದೊಡ್ಡವರದ್ದು ಹಾಕಿದರೆ ದೀಪ ಆರಿಸಲು ಬಿಡುವುದಿಲ್ಲ.

ಇಲ್ಲಿ ನನ್ನ ಮೊದಲ ಆಯ್ಕೆ ಕೇಳಿ ನೀವು ನಗಬಹುದು. ಅಬಟ್, ಕಾಸ್ಟೆಲೊ ಎಂಬ ಹಾಸ್ಯ ಜೋಡಿಯ 1948ರ ಕಪ್ಪು-ಬಿಳುಪು ಸಿನಿಮಾ, 'ಅಬಟ್ ಆಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್'. ಹೆಸರಿನಲ್ಲಿ ಇಲ್ಲದಿದ್ದರೂ ಒಳಗೆ ಡ್ರಾಕುಲಾ ಇದ್ದಾನೆ, ಅದೂ ಬೇಲಾ ಲುಗೋಸಿ. 1931ರಲ್ಲಿ ಜಗತ್ತಿಗೇ ಡ್ರಾಕುಲಾನ ಮುಖ ಕೊಟ್ಟ ಈ ನಟ ಚಲನಚಿತ್ರದಲ್ಲಿ ಆ ಪಾತ್ರವನ್ನು ಮತ್ತೆ ಹಾಕಿದ್ದು ಇದೊಂದರಲ್ಲೇ. ಸ್ವಾರಸ್ಯ ಏನೆಂದರೆ ರಾಕ್ಷಸರು ಇಲ್ಲಿ ತಮಾಷೆ ಮಾಡುವುದೇ ಇಲ್ಲ. ಅವರು ಪೂರಾ ಗಂಭೀರ. ನಗು ಬರುವುದು ಹೆದರಿ ಮಾತೇ ಹೊರಡದೆ ಒದ್ದಾಡುವ ಕಾಸ್ಟೆಲೊನಿಂದ, ಮತ್ತು ಅವನು ಹೇಳಿದ್ದನ್ನು ನಂಬದ ಅಬಟ್‌ನಿಂದ. ಅಂದರೆ ಮಗುವಿನ ಭಯವೇ ಜೋಕಿನ ಒಳಗಿದೆ. ತಾನು ಹೆದರಿದಷ್ಟೂ ಪರದೆಯ ಮೇಲಿನ ದಡೂತಿ ಮನುಷ್ಯ ತನಗಿಂತ ಹೆಚ್ಚು ಹೆದರುತ್ತಿರುತ್ತಾನೆ. ರಕ್ತ ಒಂದು ತೊಟ್ಟೂ ಕಾಣುವುದಿಲ್ಲ. ತೊಂದರೆ ಒಂದೇ, ಹಳೆಯ ಕಾಲದ ನಿಧಾನ. ಮೊದಲ ಹದಿನೈದು ನಿಮಿಷ ನೀವೂ ಜೊತೆಗೆ ಕೂತು ಎಳೆದುಕೊಂಡು ಹೋದರೆ ಆಮೇಲೆ ಅದೇ ಎಳೆಯುತ್ತದೆ.

ಹಳೆಯದು ಬೇಡವೇ ಬೇಡ ಎಂದರೆ 'ವ್ಯಾಂಪೈರ್ಸ್ ವರ್ಸಸ್ ದ ಬ್ರಾಂಕ್ಸ್' (2020), ನೆಟ್‌ಫ್ಲಿಕ್ಸ್‌ನದು, ಅಮೆರಿಕದಲ್ಲಿ ಪಿಜಿ-13 (ಹದಿಮೂರರ ಒಳಗಿನವರಿಗೆ ಹೆತ್ತವರ ಹೆಚ್ಚಿನ ಎಚ್ಚರ ಬೇಕು ಎಂಬ ಮುದ್ರೆ). ಬಡಾವಣೆಯ ಅಂಗಡಿಗಳನ್ನು ಒಂದೊಂದಾಗಿ ಕೊಳ್ಳುತ್ತಿರುವ ಆಸ್ತಿ ಕಂಪನಿಯವರು ವ್ಯಾಂಪೈರ್‌ಗಳು. ಅದನ್ನು ಕಂಡುಹಿಡಿಯುವವರು ಹದಿಹರೆಯಕ್ಕೆ ಕಾಲಿಡುತ್ತಿರುವ ಮೂವರು ಗೆಳೆಯರು. ಮುಖ ಬದಲಾಗುವ ದೃಶ್ಯಗಳಿವೆ, ಬೆಚ್ಚಿಬೀಳಿಸುವ ಸದ್ದುಗಳಿವೆ, ಸತ್ತ ವ್ಯಾಂಪೈರ್ ಬೂದಿಯಾಗುತ್ತದೆ. ಬೈಗುಳವೂ ಇದೆ. ಆದರೆ ಗೆಲ್ಲುವವರು ಮಕ್ಕಳೇ, ಮತ್ತು ಅವರು ಗೆಲ್ಲುವುದು ವ್ಯಾಂಪೈರ್ ಸಿನಿಮಾ ನೋಡಿ ಕಲಿತ ನಿಯಮಗಳಿಂದ. ಹನ್ನೊಂದು, ಹನ್ನೆರಡಕ್ಕೆ ಒಗ್ಗುತ್ತದೆ.

ಇದರ ಪಕ್ಕದಲ್ಲಿ ಟಿಮ್ ಬರ್ಟನ್‌ನ 'ಡಾರ್ಕ್ ಶಾಡೋಸ್' (2012) ಇಟ್ಟು ನೋಡಿ. ಇದಕ್ಕೂ ಪಿಜಿ-13. ಸುಮಾರು ಎರಡು ಶತಮಾನ ಪೆಟ್ಟಿಗೆಯಲ್ಲಿ ಬಂದಿಯಾಗಿದ್ದ ಬಾರ್ನಬಸ್ 1972ರಲ್ಲಿ ಹೊರಬರುತ್ತಾನೆ. ಬಂದದ್ದೇ, ಪೆಟ್ಟಿಗೆ ಅಗೆದು ತೆಗೆದ ಕೆಲಸಗಾರರನ್ನೆಲ್ಲ ಕೊಂದು ರಕ್ತ ಕುಡಿಯುತ್ತಾನೆ. ಬಹಳ ಬಾಯಾರಿತ್ತು ಎಂದು ವಿನಯದಿಂದ ಕ್ಷಮೆ ಬೇರೆ ಕೇಳುತ್ತಾನೆ! ದೊಡ್ಡವರು ನಗುವುದು ಆ ವಿನಯಕ್ಕೆ. ಮುಂದೆ ಬೆಂಕಿಯ ಸುತ್ತ ಕೂತು ತನ್ನೊಡನೆ ಸ್ನೇಹದಿಂದ ಹರಟಿದ ಯುವಕರಿಗೂ ಅದೇ ಗತಿ. ಒಂಬತ್ತರ ಮಗುವಿಗೆ ಇದರಲ್ಲಿ ಕಾಣುವುದು ಏನು? ನಾಯಕನೇ ತಪ್ಪು ಮಾಡದವರನ್ನು ಕೊಂದ, ಯಾರೂ ಅವನನ್ನು ಕೇಳಲಿಲ್ಲ, ಸಿನಿಮಾ ಅವನ ಪಕ್ಷವೇ ಹಿಡಿದಿದೆ. ಇದು ರಕ್ತದ ಪ್ರಮಾಣದ ಪ್ರಶ್ನೆಯೇ ಅಲ್ಲ. ಜೊತೆಗೆ ಲೈಂಗಿಕ ತಮಾಷೆ ಸಾಕಷ್ಟಿದೆ. ಕೋಣೆಯ ಪೀಠೋಪಕರಣವೆಲ್ಲ ಪುಡಿಯಾಗುವ ಒಂದು ಪ್ರಣಯ ದೃಶ್ಯದಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂತು ಬೇರೆ ಬೇರೆ ಗೋಡೆ ನೋಡಬೇಕಾಗುತ್ತದೆ. ಎರಡಕ್ಕೂ ಪಿಜಿ-13, ಆದರೂ ಬ್ರಾಂಕ್ಸ್ ಸಿನಿಮಾವನ್ನು ಹನ್ನೊಂದಕ್ಕೆ ಕೊಟ್ಟೇನು, ಇದನ್ನು ಹದಿನಾಲ್ಕಕ್ಕೆ ಮೊದಲು ಕೊಡಲಾರೆ.

ಮುದ್ರೆ ಹೇಳುವುದು, ಹೇಳದಿರುವುದು

ಮುದ್ರೆಯನ್ನು ನಂಬಬೇಡಿ ಎನ್ನುತ್ತಿಲ್ಲ, ಅದರ ಹುಟ್ಟಿದ ವರ್ಷ ನೋಡಿ ಎನ್ನುತ್ತೇನೆ. ಅಮೆರಿಕದಲ್ಲಿ ಪಿಜಿ-13 ಎಂಬ ಮೆಟ್ಟಿಲು ಬಂದದ್ದೇ 1984ರ ಜುಲೈನಲ್ಲಿ. ಅದಕ್ಕೆ ಮುಂಚೆ ಪಿಜಿ ಆದಮೇಲೆ ನೇರ ಆರ್, ಅಂದರೆ ಹದಿನೇಳರ ಒಳಗಿನವರು ದೊಡ್ಡವರ ಜೊತೆಗೇ ನೋಡಬೇಕಾದದ್ದು. ನಡುವಿನ ಸಿನಿಮಾಗಳೆಲ್ಲ ಪಿಜಿ ಡಬ್ಬಿಗೇ ಬೀಳುತ್ತಿದ್ದವು. 1979ರ 'ಲವ್ ಅಟ್ ಫಸ್ಟ್ ಬೈಟ್' ಪಿಜಿ, ಹೋಟೆಲ್ ಟ್ರಾನ್ಸಿಲ್ವೇನಿಯಾ ಕೂಡ ಪಿಜಿ! ಮೊದಲನೆಯದರ ಹಾಸ್ಯ ಪೂರಾ ದೊಡ್ಡವರ ಪ್ರೇಮ, ಕಾಮದ ಸುತ್ತ. ಅಪ್ಪ ಅಮ್ಮ ಚಿಕ್ಕಂದಿನಲ್ಲಿ ನೋಡಿ ನಕ್ಕಿದ್ದ ಸಿನಿಮಾ ಎಂಬ ನೆನಪನ್ನೂ ನಂಬಬೇಡಿ. ನೆನಪು ಬೈಗುಳ, ಹಾಸಿಗೆ ದೃಶ್ಯಗಳನ್ನೆಲ್ಲ ಸೆನ್ಸಾರ್ ಮಾಡಿಕೊಂಡೇ ಇಟ್ಟುಕೊಂಡಿರುತ್ತದೆ.

ದೇಶದಿಂದ ದೇಶಕ್ಕೂ ಅಳತೆ ಬೇರೆ. ಬ್ರಿಟನ್ನಿನಲ್ಲಿ ಯು, ಪಿಜಿ, 12ಎ, 15, 18. ಭಾರತದಲ್ಲಿ 2024ರಿಂದ ಯುಎ ಮುದ್ರೆಯೊಳಗೇ 7+, 13+, 16+ ಎಂಬ ಮೂರು ಹಂತ. ಒಂದೇ ಸಿನಿಮಾಕ್ಕೆ ಒಂದೊಂದು ಕಡೆ ಒಂದೊಂದು ಸಿಗುವುದುಂಟು. ಅಕ್ಷರಕ್ಕಿಂತ ಅದರ ಪಕ್ಕದಲ್ಲಿ ಕೊಟ್ಟಿರುವ ಕಾರಣ ಓದಿ. 'ಹೆದರಿಸುವ ಚಿತ್ರಗಳು' ಎಂದಿದ್ದರೆ ಒಂದು ಮಾತು, 'ಲೈಂಗಿಕ ವಿಷಯ, ಮಾದಕ ವಸ್ತು' ಎಂದಿದ್ದರೆ ಬೇರೆ ಮಾತು. ಆದರೂ ಯಾವ ಮಂಡಳಿಯೂ 'ಈ ಜೋಕು ಅರ್ಥವಾಗಲು ಮೊದಲು ಇನ್ನೆರಡು ಸಿನಿಮಾ ನೋಡಿರಬೇಕು' ಎಂದು ಬರೆಯುವುದಿಲ್ಲ. ಅದನ್ನು ನೀವೇ ಕಂಡುಕೊಳ್ಳಬೇಕು.

ಟ್ರೇಲರ್ ಮೇಲಂತೂ ಭಾರ ಹಾಕಬೇಡಿ. ಎಲ್ಲ ವಯಸ್ಸಿನವರಿಗೆ ತೋರಿಸಲೆಂದು ಕತ್ತರಿಸಿದ ಟ್ರೇಲರ್‌ನಲ್ಲಿ ರಕ್ತ ಇರುವುದಿಲ್ಲ, ಸಿನಿಮಾದಲ್ಲಿ ಇರುತ್ತದೆ.

ಪೂರ್ತಿ ದೊಡ್ಡವರ ಸಿನಿಮಾಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ರೆನ್‌ಫೀಲ್ಡ್' (2023) ಡ್ರಾಕುಲಾನ ಸೇವಕನ ಕಥೆ, ಕಿತ್ತ ತೋಳುಗಳೇ ಅದರಲ್ಲಿ ಆಯುಧ. 'ಅಬಿಗೇಲ್' (2024) ಪೋಸ್ಟರ್‌ನಲ್ಲಿ ಬ್ಯಾಲೆ ಉಡುಪಿನ ಪುಟ್ಟ ಹುಡುಗಿ ಇದ್ದಾಳೆ. ಮಕ್ಕಳ ಸಿನಿಮಾ ಎಂದು ಮೋಸ ಹೋಗಬೇಡಿ. ಎರಡೂ ಆರ್, ಎರಡೂ ಸಕಾರಣವಾಗಿ.

ಗೊಂದಲ ಹುಟ್ಟಿಸುವುದು ಒಂದೇ, 'ವಾಟ್ ವಿ ಡು ಇನ್ ದ ಶಾಡೋಸ್' (2014). ಸಾಕ್ಷ್ಯಚಿತ್ರದ ಧಾಟಿಯಲ್ಲಿ ತೆಗೆದ ಈ ಸಿನಿಮಾದಲ್ಲಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಒಂದೇ ಮನೆ ಹಂಚಿಕೊಂಡ ವ್ಯಾಂಪೈರ್‌ಗಳು ತೊಳೆಯದ ಪಾತ್ರೆಗಾಗಿ ಜಗಳವಾಡುತ್ತಾರೆ. ತುಣುಕು ನೋಡಿದವರಿಗೆ ಇಷ್ಟು ಮುದ್ದಾದ ಸಿನಿಮಾ ಮಕ್ಕಳಿಗೆ ಯಾಕೆ ಬೇಡ ಅನಿಸುತ್ತದೆ. ಅಮೆರಿಕದಲ್ಲಿ ಆರ್, ಬ್ರಿಟನ್ನಿನಲ್ಲಿ 15. ಅಚ್ಚುಕಟ್ಟಿನ ವಿಯಾಗೊ ಸೋಫಾ ಕೊಳೆಯಾಗದಿರಲಿ ಎಂದು ಕಾಗದ ಹಾಸಿ, ಅತಿಥಿಯ ಕುತ್ತಿಗೆಗೆ ಬಾಯಿ ಹಾಕುತ್ತಾನೆ. ಹಲ್ಲು ಮುಖ್ಯ ರಕ್ತನಾಳಕ್ಕೇ ತಗಲಿ ಕೋಣೆಯೆಲ್ಲ ಕೆಂಪು. ಇಲ್ಲಿ ಜೋಕಿಗೆ ಎರಡು ಮೂಲ ಬೇಕು: ವ್ಯಾಂಪೈರ್ ಸಿನಿಮಾದ ಪರಿಚಯ, ಸಾಕ್ಷ್ಯಚಿತ್ರದ ಧಾಟಿಯ ಪರಿಚಯ. ಎರಡೂ ಇರುವ ಹದಿನೈದರವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಎರಡೂ ಇಲ್ಲದ ಹತ್ತರವರಿಗೆ ಉಳಿಯುವುದು ಆ ಸೋಫಾ.

ಹಾಕುವ ಮೊದಲು, ಹಾಕಿದ ಮೇಲೆ

ಇಡೀ ಸಿನಿಮಾ ಮೊದಲೇ ನೋಡಿಡಿ ಎಂಬ ಸಲಹೆ ಚೆಂದ, ಪುರುಸೊತ್ತು ಯಾರಿಗಿದೆ. ಮೊದಲ ಕಚ್ಚುವ ದೃಶ್ಯ ಹುಡುಕಿ ನೋಡಿ, ಸಾಕು. ಕ್ಯಾಮೆರಾ ಎಲ್ಲಿದೆ? ಬಾವಲಿ ನೆರಳು ತೋರಿಸಿ ಮುಂದೆ ಹೋಗುತ್ತದೋ, ಕುತ್ತಿಗೆಯ ಮೇಲೇ ನಿಲ್ಲುತ್ತದೋ? ಕಚ್ಚಿಸಿಕೊಂಡವರು ಮತ್ತೆ ಎದ್ದು ಬರುತ್ತಾರೋ ಇಲ್ಲವೋ? ಒಂದು ಸಿನಿಮಾದ ಮನೋಧರ್ಮ ಅಲ್ಲೇ ಗೊತ್ತಾಗುತ್ತದೆ. ಅದೇ ದೃಶ್ಯವನ್ನು ಇನ್ನೊಮ್ಮೆ ಸದ್ದಿಲ್ಲದೆ ನೋಡಿ. ಸದ್ದು ತೆಗೆದಾಗ ಸಪ್ಪೆಯಾದರೆ ಭಯವೆಲ್ಲ ಸಂಗೀತದಲ್ಲಿತ್ತು ಎಂದರ್ಥ. ಅಂಥ ಸಿನಿಮಾವನ್ನು ಹಗಲಲ್ಲಿ, ಸದ್ದು ಇಳಿಸಿ ನೋಡಿದರೆ ಎಷ್ಟೋ ಮೆತ್ತಗಾಗುತ್ತದೆ.

ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಇದ್ದರೆ ಕಿರಿಯರ ಅಳತೆಗೇ ಆರಿಸಿ. ದೊಡ್ಡವನು ಗೊಣಗಲಿ. ಗೊಣಗಾಟಕ್ಕೆ ಯಾರ ನಿದ್ದೆಯೂ ಕೆಡುವುದಿಲ್ಲ.

ಇಷ್ಟಾಗಿಯೂ ಹೆದರಿದರೆ? ನಾಲ್ಕೈದು ವರ್ಷದವರಿಗೆ 'ಅದೆಲ್ಲ ಸುಳ್ಳು' ಎಂದರೆ ಪ್ರಯೋಜನವಿಲ್ಲ. ಅವರಿಗೆ ಕೆಲಸ ಮಾಡುವುದು ಮಡಿಲು, ಬೆಳಕು, ಹಿಡಿದುಕೊಳ್ಳಲು ಏನಾದರೂ. ದೊಡ್ಡ ಮಕ್ಕಳಿಗೆ ವಿವರಣೆ ಕೆಲಸಕ್ಕೆ ಬರುತ್ತದೆ: ರಕ್ತವನ್ನು ಹೇಗೆ ಮಾಡುತ್ತಾರೆ, ಹಲ್ಲನ್ನು ಹೇಗೆ ಅಂಟಿಸುತ್ತಾರೆ. ನಡುವಿನವರಿಗೆ ನನ್ನ ಬಳಿ ಇನ್ನೊಂದು ಮದ್ದಿದೆ, ಅದು ವ್ಯಾಂಪೈರ್ ಪುರಾಣದಲ್ಲೇ ಇರುವುದು. ಇಷ್ಟೊಂದು ಕಟ್ಟುಪಾಡು ಇರುವ ರಾಕ್ಷಸ ಬೇರೆ ಯಾರಿದ್ದಾರೆ! ಕರೆಯದೆ ಮನೆಯೊಳಗೆ ಬರುವಂತಿಲ್ಲ. ಬೆಳ್ಳುಳ್ಳಿ ಆಗದು. ಜನಪದ ನಂಬಿಕೆಯಲ್ಲಿ ನೆಲಕ್ಕೆ ಚೆಲ್ಲಿದ ಕಾಳನ್ನು ಒಂದೊಂದಾಗಿ ಎಣಿಸದೆ ಅದು ಮುಂದೆ ಹೋಗುವಂತಿಲ್ಲ. ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನಲ್ಲಿ 1972ರಿಂದ ಎಣಿಸುತ್ತಲೇ ಇರುವ ವ್ಯಾಂಪೈರ್ ಬೊಂಬೆ ಕೌಂಟ್‌ನನ್ನು ನೋಡಿದಾಗಲೆಲ್ಲ ನನಗೆ ಆ ಕಾಳುಗಳು ನೆನಪಾಗುತ್ತವೆ. ಬಿಸಿಲಿಗೆ ಸಾಯುವ ನಿಯಮವಂತೂ 1922ರ ಮೂಕಿಚಿತ್ರ 'ನೊಸ್ಫೆರಾಟು' ಕೊಟ್ಟದ್ದು. 1897ರ ಮೂಲ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. 'ನಿಯಮ ಮಾಡಿದವರು ಮನುಷ್ಯರೇ' ಎಂದು ತಿಳಿದ ಮಗು ತನ್ನದೂ ಒಂದೆರಡು ನಿಯಮ ಸೇರಿಸುತ್ತದೆ.

ನಮ್ಮ ಮನೆಯ ಹುಡುಗಿ ಸೇರಿಸಿದ್ದು: ಹಲ್ಲುಜ್ಜದ ವ್ಯಾಂಪೈರ್ ಯಾರನ್ನೂ ಕಚ್ಚುವಂತಿಲ್ಲ.

ಅವಳಿಗೆ ಈಗ ಹನ್ನೆರಡು. ಹೋಟೆಲ್ ಆಯಿತು, ಅಬಟ್-ಕಾಸ್ಟೆಲೊ ಆಯಿತು, ನೊಸ್ಫೆರಾಟುವಿನ ಉದ್ದ ಉಗುರಿನ ನೆರಳು ಮೆಟ್ಟಿಲು ಹತ್ತುವ ತುಣುಕನ್ನೂ ಅವಳು ನೋಡಿಯಾಯಿತು. ಮೊನ್ನೆ ಬ್ರಾಂಕ್ಸ್ ಸಿನಿಮಾ ಹಾಕಿದ್ದೆವು. ಅದರಲ್ಲಿ ಬಡಾವಣೆ ಕೊಳ್ಳಲು ಬಂದ ಕಂಪನಿಯ ಹೆಸರು ಮುರ್ನಾವ್, ನೊಸ್ಫೆರಾಟು ನಿರ್ದೇಶಕನ ಹೆಸರು. ಆ ಹೆಸರು ಕಂಡದ್ದೇ ಅವಳು ನಕ್ಕಳು. ಅಣ್ಣ ಫೋನಿನಿಂದ ತಲೆಯೆತ್ತಿ ಕೇಳಿದ, 'ಯಾಕೆ ನಕ್ಕೆ?'